ಕ್ಯಾಪ್ಟನ್, ಲಂಬೂ ಮತ್ತು ಒಂದೇ ಚೆಂಡು

ಸಂಬಳಕ್ಕೆ ಆಡುವ ಆಟಗಾರರು ಒಂಬತ್ತು ಜನ ಒಂದು ಕಡೆ ಸೇರಿದರೆ ದಿನಕ್ಕೊಂದು ತಮಾಷೆ ನಡೆಯಲೇಬೇಕು. ನಡೆಯದ ದಿನ ಅವರಲ್ಲಿ ಯಾರಿಗೋ ಮೈಯಲ್ಲಿ ಹುಷಾರಿಲ್ಲ ಎಂದು ತಿಳಿಯಬೇಕು. ಇದನ್ನು ನಾನು ಯಾರಿಂದಲೋ ಕೇಳಿ ಹೇಳುತ್ತಿಲ್ಲ. ಒಂದು ಇಡೀ ಸೀಸನ್ ಅವರ ಬೆನ್ನು ಹತ್ತಿ ತಿರುಗಿ ಹೇಳುತ್ತಿದ್ದೇನೆ.

ನಾನು ಬೈಲಹೊಂಗಲದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಸೀಟಿ ಊದಿದ ಪಿ.ಟಿ. ಟೀಚರ್. ಊರಿಗೆಲ್ಲ ಅಕ್ಕೋರು. ಎತ್ತರ, ಐದು ಅಡಿಗೆ ಎರಡು ಇಂಚು ಕಡಿಮೆ. ನಿವೃತ್ತಿಯಾಗಿ ಮೂರು ತಿಂಗಳಾಗಿರಲಿಲ್ಲ, ನಮ್ಮೂರಿನ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಮಾಲಕರು ಹೇಳಿಕಳಿಸಿದರು. ಅವರಿಗೆ ಬಾಸ್ಕೆಟ್‌ಬಾಲ್ ಹುಚ್ಚು. ಜಿನ್ನಿನ ಅಂಗಳದಲ್ಲಿ ಸಿಮೆಂಟಿನ ಕೋರ್ಟ್ ಹಾಕಿಸಿದ್ದರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಹೀಗೆ ನಾಲ್ಕು ಊರಿನ ನಾಲ್ಕು ಶ್ರೀಮಂತರು ಸೇರಿ ಹೊರಗಿನಿಂದ ಆಟಗಾರರನ್ನು ಕರೆಸಿ ಒಂದು ಲೀಗ್ ಶುರುಮಾಡಿದ್ದರು.

"ಅಕ್ಕೋರ, ನಮ್ಮ ಟೀಮಿಗೆ ಮ್ಯಾನೇಜರ್ ಆಗ್ರಿ."

"ಮ್ಯಾನೇಜರ್ ಏನು ಮಾಡಬೇಕ್ರಿ?"

"ಅವರು ಬಡದಾಡದಂಗ ನೋಡಕೋಬೇಕು."

"ಮತ್ತ ಆಟ?"

"ಆಟ ಆಮ್ಯಾಲೆ ನೋಡೂಣು. ಈ ವರ್ಷ ಇವರು ಒಂದು ಟೀಮ್ ಅನಿಸ್ಕೊಳ್ಳಲಿಲ್ಲಂದ್ರ ಆ ಕಂಬ ಕಿತ್ತು ಒಗದು ಅಲ್ಲಿ ಹತ್ತಿ ಒಣಾ ಹಾಕತೇನಿ."

ನನಗಿಂತ ಮೊದಲು ಇಬ್ಬರು ಮ್ಯಾನೇಜರುಗಳು ಹೇಳದೆ ಕೇಳದೆ ಓಡಿಹೋಗಿದ್ದರು. ಆದರೆ ಊರಲ್ಲಿ ಇದ್ದದ್ದು ಅದೊಂದೇ ಒಳ್ಳೆಯ ಕೋರ್ಟು. ದಿನಾ ಬೆಳಿಗ್ಗೆ ನಮ್ಮ ಸಾಲಿ ಹುಡುಗಿಯರು ಅಲ್ಲೇ ಆಡುತ್ತಿದ್ದರು. ಅಲ್ಲಿ ಹತ್ತಿ ಒಣಗುವುದನ್ನು ನೋಡಲು ನಾನು ಸಿದ್ಧಳಿರಲಿಲ್ಲ. ಒಪ್ಪಿಕೊಂಡೆ.

ಮುಂದಿನ ಸೀಟು

ಟೀಮಿನಲ್ಲಿ ದೊಡ್ಡವರು ಇಬ್ಬರು. ಒಬ್ಬ ಕ್ಯಾಪ್ಟನ್. ಧಾರವಾಡ ಕಡೆಯವನು, ಮೂವತ್ತೈದರ ಹತ್ತಿರ, ಆಟಕ್ಕಿಂತ ಬಾಯಿ ಜೋರು. ಇನ್ನೊಬ್ಬ ಮೈಸೂರು ಕಡೆಯಿಂದ ಬಂದ ಆರು ಅಡಿ ಎಂಟು ಇಂಚಿನ ಆಳು. ಎಲ್ಲರೂ ಅವನನ್ನು ಲಂಬೂ ಎನ್ನುತ್ತಿದ್ದರು. ತಾನಿರುವುದರಿಂದ ಈ ಟೀಮು ಇದೆ ಎಂದು ಕ್ಯಾಪ್ಟನ್ ನಂಬಿದ್ದ. ತಾನಿರುವುದರಿಂದ ಬಾಸ್ಕೆಟ್‌ಬಾಲೇ ಇದೆ ಎಂದು ಲಂಬೂ ನಂಬಿದ್ದ.

ಮೊದಲ ಮ್ಯಾಚಿಗೆ ಸವದತ್ತಿಗೆ ಹೊರಟೆವು. ಟೆಂಪೋ ಓಡಿಸುವವರು ಒಬ್ಬ ಚಾಚಾ. ಮೂವತ್ತು ವರ್ಷದಿಂದ ಈ ದಾರಿಯಲ್ಲೇ ಗಾಡಿ ಹೊಡೆದವರು. ಅವರ ಪಕ್ಕದಲ್ಲಿ ಒಂದೇ ಸೀಟು. ಅದರ ಬಾಗಿಲಿನ ಹಿಡಿಕೆಯನ್ನು ಇಬ್ಬರೂ ಹಿಡಿದು ನಿಂತುಬಿಟ್ಟರು.

"ಮುಂದಿನ ಸೀಟು ಕ್ಯಾಪ್ಟನ್ನಂದ್ರಿ ಅಕ್ಕೋರ. ಎಲ್ಲಾ ಟೀಮಿನ್ಯಾಗೂ ಅದ ಪದ್ಧತಿ."

"ಪದ್ಧತಿ ಇರಲಿ ಮೇಡಂ. ಹಿಂದೆ ಕೂತ್ರೆ ನನ್ನ ಮಂಡಿ ನನ್ನ ಕಿವಿಗೆ ಬರುತ್ತೆ."

ಇಪ್ಪತ್ತು ನಿಮಿಷ ಕಳೆಯಿತು. ಉಳಿದವರು ಬೇವಿನ ಮರದ ಕೆಳಗೆ ಕುಳಿತು ಶೇಂಗಾ ಒಡೆಯಲು ಶುರುಮಾಡಿದರು. ಟೀಮಿಗೆ ಕೋಚ್ ಎನ್ನುವವರೂ ಒಬ್ಬರಿದ್ದರು. ಆದರೆ ಅವರು ಈ ಇಬ್ಬರಿಗೂ ಹೆದರಿ, ಏನು ಹೇಳುವುದಿದ್ದರೂ ಗೆರೆ ಎಳೆಯುವ ತಮ್ಮ ಬೋರ್ಡಿಗೇ ಹೇಳುತ್ತಿದ್ದರು. ನಾನೇ ಚಾಚಾ ಹತ್ತಿರ ಹೋಗಿ ಎಲ್ಲರಿಗೂ ಕೇಳುವಂತೆ ಕೇಳಿದೆ.

"ಚಾಚಾ, ನಿಮ್ಮ ಗಾಡಿ ಸೆಲ್ಫ್ ತಗೋತೈತೇನ್ರಿ?"

ಚಾಚಾ ನನ್ನ ಮುಖ ಒಮ್ಮೆ ನೋಡಿದರು. ಅಷ್ಟೇ ಸಾಕಾಯಿತು.

"ಎಲ್ಲೀ ಸೆಲ್ಫ್ ಅಕ್ಕೋರ. ಬ್ಯಾಟರಿ ಮಕ್ಕೊಂಡೈತಿ. ದಾರ್ಯಾಗ ನಾಕ ಸಲ ಬಂದ್ ಬೀಳತೈತಿ. ಮುಂದ ಕುಂತಾವರು ಇಳದು ನೂಕಬೇಕು. ಅದಕ್ಕ ಅಲ್ಲೆ ಒಬ್ಬ ಗಟ್ಟಿ ಮನಷ್ಯಾನ್ನ ಕುಂಡ್ರಸ್ತೇನಿ."

ಕ್ಯಾಪ್ಟನ್ ಹಿಡಿಕೆ ಬಿಟ್ಟ. "ಲಂಬೂನ ಕಾಲು ಖರೇನ ಉದ್ದ ಅದಾವ್ರಿ, ಪಾಪ."

ಲಂಬೂ ಅವನಿಗಿಂತ ಮೊದಲೇ ಬಿಟ್ಟಿದ್ದ. "ಪದ್ಧತಿ ಅಂದ್ರೆ ಪದ್ಧತಿ ಮೇಡಂ. ಮುರಿಯಬಾರದು."

ಇಬ್ಬರೂ ಹಿಂದೆ ಹತ್ತಿ ಕಡೆಯ ಸೀಟಿನಲ್ಲಿ ಮುದುರಿ ಕುಳಿತರು. ಗಾಡಿ ಒಂದೇ ಸಲಕ್ಕೆ ಶುರುವಾಗಿ ಎಲ್ಲೂ ನಿಲ್ಲದೆ ಸವದತ್ತಿ ಮುಟ್ಟಿತು. ಮುಂದಿನ ಸೀಟಿನಲ್ಲಿ ಗಾಳಿಗೆ ಮುಖ ಒಡ್ಡಿಕೊಂಡು ಆರಾಮಾಗಿ ಹೋದದ್ದು ಚೆಂಡಿನ ಚೀಲ.

ಏಳನೇ ನಂಬರ್

ಆಮೇಲೆ ಜರ್ಸಿಯ ಜಗಳ ಬಂತು. ಕ್ಯಾಪ್ಟನ್ ಹುಟ್ಟಾ ಏಳನೇ ನಂಬರಿನವನಂತೆ. ಲಂಬೂನ ಅದೃಷ್ಟ ಸಂಖ್ಯೆಯೂ ಏಳಂತೆ. ಇಬ್ಬರೂ ಬಜಾರಿನಲ್ಲಿ ಜರ್ಸಿಗೆ ನಂಬರ್ ಹೊಡೆಯುವ ಅಂಗಡಿಯವನಿಗೆ ಬೇರೆ ಬೇರೆಯಾಗಿ ಫೋನ್ ಮಾಡಿ ಹೆದರಿಸಿದ್ದರು. ಆತ ಹೆಂಡತಿ ಮಕ್ಕಳು ಇರುವವನು. ಎರಡು ಏಳು ಹೊಡೆದು ಕೊಟ್ಟುಬಿಟ್ಟ.

ನಮಗೆ ಗೊತ್ತಾದದ್ದು ಕಿತ್ತೂರಿನ ಮೈದಾನದಲ್ಲಿ. "ಒಂದ ಟೀಮಿನ್ಯಾಗ ಎರಡು ಏಳು ನಡಿಯೂದಿಲ್ರಿ" ಎಂದರು ರೆಫರಿ. ಇಬ್ಬರೂ ಬಿಚ್ಚಲು ತಯಾರಿಲ್ಲ. ನಾನು ಔಷಧದ ಡಬ್ಬಿಯಿಂದ ಬಿಳಿ ಅಂಟು ಪಟ್ಟಿ ತೆಗೆದು ಲಂಬೂನ ಏಳರ ಮುಂದೆ, ಎದೆಗೂ ಬೆನ್ನಿಗೂ, ಒಂದರ ಅಂಕಿಯಂತೆ ಹಚ್ಚಿದೆ. ಬೆನ್ನಿಗೆ ಹಚ್ಚಲು ಕುರ್ಚಿ ಹತ್ತಬೇಕಾಯಿತು.

"ಹದಿನೇಳು ಅಂದ್ರೆ ಏಳಕ್ಕಿಂತ ದೊಡ್ಡದೇ ಅಲ್ವಾ ಮೇಡಂ?" ಎಂದು ಕೇಳಿಕೊಂಡು ಲಂಬೂ ಸಮಾಧಾನದಿಂದ ಆಡಲು ಹೋದ.

ಹತ್ತು ನಿಮಿಷದಲ್ಲಿ ಬೆವರಿಗೆ ಪಟ್ಟಿ ಕಳಚಿ ಬಿತ್ತು. ಲಂಬೂ ಮತ್ತೆ ಏಳಾದ. ನಾವ್ಯಾರೂ ಗಮನಿಸಲಿಲ್ಲ. ಲೆಕ್ಕ ಬರೆಯುತ್ತಿದ್ದವರು ದಪ್ಪ ಚಸ್ಮಾದ ಹಿರಿಯರು. ಲಂಬೂ ಮಾಡಿದ ಫೌಲಿಗೆಲ್ಲ ರೆಫರಿ ಕೂಗಿದ ನಂಬರನ್ನು ನಿಷ್ಠೆಯಿಂದ ಕ್ಯಾಪ್ಟನ್ ಹೆಸರಿನ ಮುಂದೆ ಬರೆಯುತ್ತಾ ಹೋದರು. ಕ್ಯಾಪ್ಟನ್ ಅಷ್ಟರಲ್ಲಿ ಸುಸ್ತಾಗಿ ಹೊರಗೆ ಬಂದು, ತಲೆಯ ಮೇಲೆ ಟಾವೆಲ್ ಹಾಕಿಕೊಂಡು ಬೆಂಚಿನ ಮೇಲೆ ನೀರು ಕುಡಿಯುತ್ತಿದ್ದ. ಲೆಕ್ಕದವರು ಕೈ ತೋರಿಸಿದರು, ರೆಫರಿ ಅವನ ಹತ್ತಿರ ಓಡಿ ಬಂದರು.

"ಏಳನೇ ನಂಬರ್, ಐದು ಫೌಲ್ ಆದ್ವು. ಹೊರಗ ನಡೀರಿ."

"ನಾ ಹೊರಗ ಅದೇನಲ್ರಿ."

"ಐದನೇದು ಈಗ ಮಾಡಿದ್ರಲ್ಲ."

ಕ್ಯಾಪ್ಟನ್ ಕೈಯಲ್ಲಿದ್ದ ಬಾಟಲಿ ನೋಡಿದ. "ನೀರು ಕುಡಿಯೂದೂ ಫೌಲ್ ಏನ್ರಿ?"

ಕೋರ್ಟಿನ ನಡುವೆ ಲಂಬೂ ಆಕಾಶ ನೋಡುತ್ತಾ ನಿಂತಿದ್ದ. ನನಗೆ ಎಲ್ಲ ತಿಳಿಯಿತು. "ಲಂಬೂ, ಬಾಯಿ ಬಿಟ್ಟು ಖರೇ ಹೇಳು" ಎಂದೆ. ಅವನು ಬಹಳ ವಿನಯದಿಂದ ಹೇಳಿದ:

"ಏಳು ನಂದು, ಏಳು ನಂದು ಅಂತ ಬೆಳಿಗ್ಗೆಯಿಂದ ಅವರೇ ಹಠ ಹಿಡಿದಿದ್ರಲ್ಲಾ ಮೇಡಂ."

ರಾಮದುರ್ಗದ ಊಟ

ಅಂದಿನಿಂದ ಇಬ್ಬರಿಗೂ ಮಾತು ಬಂದ್. ಮಾತು ಬಂದ್ ಆದರೆ ಪಾಸೂ ಬಂದ್. ಲಂಬೂ ಬುಟ್ಟಿಯ ಕೆಳಗೆ ಕೈ ಎತ್ತಿ ನಿಂತಿರುತ್ತಿದ್ದ. ಕ್ಯಾಪ್ಟನ್ ಅವನೊಬ್ಬನನ್ನು ಬಿಟ್ಟು ಉಳಿದ ಎಲ್ಲರಿಗೂ ಚೆಂಡು ಕೊಡುತ್ತಿದ್ದ. ಒಂದು ಮೊಳ ದೂರದಲ್ಲಿ ನಿಂತು "ಅವಂಗ ಹೇಳ್ರಿ ಅಕ್ಕೋರ", "ಅವರಿಗೆ ಹೇಳಿ ಮೇಡಂ" ಎನ್ನುತ್ತಿದ್ದರು. ಎರಡು ಮ್ಯಾಚ್ ಹೀಗೇ ಸೋತೆವು.

ರಾಮದುರ್ಗದಲ್ಲಿ ಸಂಜೆಗೆ ಮ್ಯಾಚ್. ಮಧ್ಯಾಹ್ನ ಖಾನಾವಳಿಯಲ್ಲಿ ಊಟಕ್ಕೆ ಸಾಲಾಗಿ ಕುಳ್ಳಿರಿಸಿದೆ. ಇವರಿಬ್ಬರನ್ನು ಪಕ್ಕ ಪಕ್ಕ. ಪಲ್ಯ, ಚಟ್ನಿಯ ಪಾತ್ರೆಗಳನ್ನು ನಡುವೆ ಇಡಿಸಿ ಹೇಳಿದೆ.

"ಇವತ್ತ ಯಾರೂ ತಮ್ಮ ತಾಟಿಗೆ ತಾವ ನೀಡಕೋಬಾರದು. ಬಾಜೂಕಿನಾವ ನೀಡಬೇಕು. ಬೇಕಾದಾವ ಬಾಯಿ ಬಿಟ್ಟು ಕೇಳಬೇಕು. ಆಗೂದಿಲ್ಲ ಅನ್ನಾವ ಉಪಾಸ."

ಉಳಿದ ಏಳು ಜನ ಗದ್ದಲ ಮಾಡಿಕೊಂಡು ಉಣ್ಣಲು ಶುರುಮಾಡಿದರು. ಇವರಿಬ್ಬರು ಗೋಡೆ ನೋಡುತ್ತಾ ಒಣ ರೊಟ್ಟಿ ಕಡಿಯುತ್ತಿದ್ದರು. ಒಂದು ರೊಟ್ಟಿ ಆಯಿತು. ಎರಡಾಯಿತು. ಮೂರನೆಯದಕ್ಕೆ ಲಂಬೂನ ಗಂಟಲು ಸೋತಿತು.

"ಸರ್, ಸ್ವಲ್ಪ ಚಟ್ನಿ."

ಕ್ಯಾಪ್ಟನ್ ತಿರುಗಿದ. ಹತ್ತು ದಿನದಲ್ಲಿ ಮೊದಲ ಸಲ ಅವನ ಮುಖ ನೋಡಿದ. ಕೆಂಪು ಮೆಣಸಿನಕಾಯಿಯ ರಂಜಕದ ಡಬ್ಬಿ ತೆಗೆದು ದೊಡ್ಡದೊಂದು ಉಂಡೆ ಅವನ ತಾಟಿಗೆ ಹಾಕಿದ. ಅದು ಪ್ರೀತಿಯೋ ಸೇಡೋ ನನಗೆ ಇವತ್ತಿಗೂ ಗೊತ್ತಿಲ್ಲ. ಮೈಸೂರು ಕಡೆಯ ಪ್ರಾಣಿ ಅದನ್ನು ಟೊಮೆಟೊ ಗೊಜ್ಜು ಎಂದುಕೊಂಡು ಪೂರ್ತಿ ಬಾಯಿಗೆ ಹಾಕಿಕೊಂಡಿತು.

ಕಣ್ಣಿಂದ ಧಾರೆ. ಮಾತಿಲ್ಲ. ಕೈ ಮಾತ್ರ ಮೊಸರಿನ ಕಡೆ ತೋರಿಸುತ್ತಿತ್ತು. ಮೊಸರಿನ ಗಡಿಗೆ ಸಾಲಿನ ಆ ತುದಿಗಿತ್ತು. ಕ್ಯಾಪ್ಟನ್ ಎದ್ದು ನಿಂತು "ಕೊಡ್ರೋ, ಲಗೂನ ಕೊಡ್ರೋ" ಎಂದು ಕೂಗಿದ. ಗಡಿಗೆ ನಾಲ್ಕು ಕೈ ದಾಟಿ ಬಂತು. ಅಷ್ಟನ್ನೂ ಲಂಬೂನ ತಾಟಿಗೆ ಸುರಿದು, ಬೆನ್ನು ಸವರುತ್ತಾ ಕುಳಿತ.

"ನುಂಗು, ನುಂಗು. ಖಾರ ಐತಿ ಅಂತ ನಾ ಮದ್ಲ ಹೇಳಬೇಕಾಗಿತ್ತಪಾ."

ಸ್ವಲ್ಪ ಹೊತ್ತಿಗೆ ಲಂಬೂಗೆ ಮಾತು ಬಂತು. "ನಿಮಗೆ ಏನು ಹಾಕಲಿ ಸರ್?"

"ಒಂದೀಟು ಬದನಿಕಾಯಿ ಹಾಕು."

ಅಂದು ಸಂಜೆ ಚೆಂಡು ಕ್ಯಾಪ್ಟನ್ ಕೈಯಿಂದ ಲಂಬೂನ ಕೈಗೆ ಹೋದದ್ದನ್ನು ನೋಡಿ ನಮ್ಮ ಕೋಚ್ ಬೋರ್ಡನ್ನೇ ತಬ್ಬಿಕೊಂಡರು. ಗೆದ್ದೆವು. ಆದರೆ ಖಾನಾವಳಿಯ ಒಡತಿಗೆ ಇವರ ಜಗಳದ ಕಥೆ ಗೊತ್ತಿರಲಿಲ್ಲ. ಮಧ್ಯಾಹ್ನ ನಾನು ಕೈ ತೊಳೆಯುವಾಗ ಹತ್ತಿರ ಬಂದು ಮೆಲ್ಲಗೆ ಕೇಳಿದ್ದಳು.

"ಅಕ್ಕೋರ, ಇವರಿಬ್ಬರೂ ಏನು ಮಾಡಾವರ್ರಿ?"

"ಒಂದ ಟೀಮಿನ್ಯಾಗ ಆಡತಾರವಾ."

"ಹಂಗೇನ್ರಿ. ನಮ್ಮೂರಾಗ ಹೊಸದಾಗಿ ಲಗ್ನ ಆದವರೂ ಇಷ್ಟು ನಾಚಕೊಂಡು ನೀಡೂದಿಲ್ಲ ಬಿಡ್ರಿ."

ಭಾಷಣ

ಗೆಲ್ಲಲು ಶುರುವಾದ ಮೇಲೆ ಕ್ಯಾಪ್ಟನ್ ಮೊಬೈಲಿನಲ್ಲಿ ನಾಯಕತ್ವದ ವಿಡಿಯೋ ನೋಡಲು ಹತ್ತಿದ. ಸವದತ್ತಿಯ ಎರಡನೇ ಮ್ಯಾಚಿನ ದಿನ, ಬಟ್ಟೆ ಬದಲಿಸಲು ಕೊಟ್ಟಿದ್ದ ಸಾಲಿಯ ಕೋಣೆಯಲ್ಲಿ ಎಲ್ಲರನ್ನೂ ನಿಲ್ಲಿಸಿ ಒಳಗಿನಿಂದ ಅಗಳಿ ಹಾಕಿದ. "ನಿಮ್ಮ ಎದ್ಯಾಗ ಬೆಂಕಿ ಹತ್ತೂ ತನಕ ಯಾರೂ ಹೊರಗ ಹೋಗಂಗಿಲ್ಲ" ಎಂದನಂತೆ. ಭಾಷಣ ಮುಗಿಯಿತು. ಅಗಳಿ ತೆಗೆಯಲು ಹೋದರೆ ತುಕ್ಕು ಹಿಡಿದ ಅಗಳಿ ಬರಲಿಲ್ಲ.

ಹೊರಗೆ ರೆಫರಿ ಗಡಿಯಾರ ನೋಡುತ್ತಿದ್ದರು. ಹದಿನೈದು ನಿಮಿಷ ದಾಟಿದರೆ ಮ್ಯಾಚ್ ಕೈಬಿಟ್ಟಂತೆ. ಚಾಚಾ ಟೆಂಪೋದಿಂದ ಕಬ್ಬಿಣದ ಸಲಾಕೆ ತಂದು ಹದಿನಾಲ್ಕನೇ ನಿಮಿಷಕ್ಕೆ ಬಾಗಿಲು ಮೀಟಿದರು. ನೀರಿನಲ್ಲಿ ಅದ್ದಿ ತೆಗೆದಂತೆ ತೊಯ್ದ ಒಂಬತ್ತು ಜನ ಹೊರಗೆ ಬಿದ್ದರು. ಎಲ್ಲರಿಗಿಂತ ಗಿಡ್ಡ ಆಟಗಾರನನ್ನು ಹಿಡಿದು ನಿಲ್ಲಿಸಿ, "ಏನಾತೋ ಒಳಗ, ಬೆಂಕಿ ಹತ್ತಿತೇನು?" ಎಂದೆ.

"ಬೆಂಕಿ ಏನ ಹತ್ತಲಿಲ್ರಿ ಅಕ್ಕೋರ. ಶೆಕಿ ಮಾತ್ರ ಭಾಳ ಆತು."

ತಲೆ ಬಗ್ಗಿಸದವನು

ಫೈನಲ್‌ಗಿಂತ ಮೊದಲಿನ ಮ್ಯಾಚ್ ಕಿತ್ತೂರಿನಲ್ಲಿ. ಲಂಬೂ ಏನೂ ಮಾಡದಿದ್ದರೂ ರೆಫರಿ ಅವನ ಮೇಲೆ ಸೀಟಿ ಊದಿದರು. ಲಂಬೂ ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ಒದ್ದ. ಅದು ಹಾರಿ ಹೋಗಿ, ಅತಿಥಿಗಳಿಗೆ ತಂದಿಟ್ಟಿದ್ದ ಹಾರಗಳ ಬುಟ್ಟಿಯಲ್ಲಿ ಕುಳಿತಿತು. ಮ್ಯಾಚ್ ಗೆದ್ದೆವು. ಆದರೆ ಲೀಗಿನ ಕಮಿಟಿಯವರು ಹೇಳಿಬಿಟ್ಟರು, ಫೈನಲ್‌ಗಿಂತ ಮೊದಲು ರೆಫರಿಯ ಮನೆಗೆ ಹೋಗಿ ಕ್ಷಮೆ ಕೇಳಬೇಕು, ಇಲ್ಲದಿದ್ದರೆ ಲಂಬೂ ಆಡುವಂತಿಲ್ಲ.

"ಅವನಿಲ್ಲಂದ್ರ ನಾವ್ಯಾರೂ ಆಡೂದಿಲ್ರಿ" ಎಂದ ಕ್ಯಾಪ್ಟನ್. ನನಗೆ ಒಳಗೊಳಗೇ ಖುಷಿಯಾಯಿತು.

ಲಂಬೂ ಮಾತ್ರ ಕಲ್ಲು. "ತಪ್ಪು ಸೀಟಿ ಊದಿದ್ದು ಅವರು. ನಾನು ಯಾರ ಮುಂದೆನೂ ತಲೆ ಬಗ್ಗಿಸಲ್ಲ ಮೇಡಂ."

ಮರುದಿನ ಬೆಳಿಗ್ಗೆ ಏಳಕ್ಕೆ ಅವನ ಬಾಡಿಗೆ ಕೋಣೆಯ ಮೆಟ್ಟಿಲ ಮೇಲೆ ಹೋಗಿ ಕುಳಿತೆ. "ನೀ ಬರೂ ತನಕ ನಾ ಏಳಂಗಿಲ್ಲ" ಎಂದೆ. ಎಂಟಕ್ಕೆ ಚಹಾ ತಂದುಕೊಟ್ಟ. ಮುಟ್ಟಲಿಲ್ಲ. ಒಂಬತ್ತಕ್ಕೆ ಅವಲಕ್ಕಿ ತಂದ. ನೋಡಲಿಲ್ಲ. ಹತ್ತಕ್ಕೆ ಓಣಿಯ ಹೆಂಗಸರು ಬಂದು ಸುತ್ತ ನಿಂತು, "ಏನ ಮಾಡಿದನ್ರಿ ಅಕ್ಕೋರ ಈ ಹುಡುಗ?" ಎಂದು ಕೇಳತೊಡಗಿದರು. ಹತ್ತೂ ಕಾಲಿಗೆ ಅವನೇ ಹೋಗಿ ಟೆಂಪೋ ಹತ್ತಿ ಕುಳಿತ.

ರೆಫರಿಯ ಮನೆ ಎಂ.ಕೆ. ಹುಬ್ಬಳ್ಳಿಯಲ್ಲಿ. ಕಬ್ಬಿನ ಟ್ರಾಕ್ಟರುಗಳ ಸಾಲು ದಾಟಿ ಹೋದೆವು. ಹಳೆಯ ಕಾಲದ ಮನೆ. ಹೊರ ಬಾಗಿಲು ನನಗೆ ಸರಿಯಾಗಿತ್ತು. ಲಂಬೂ ಮಡಚಿಕೊಂಡು ಒಳಗೆ ಬಂದ. ನಡುಮನೆಯ ಬಾಗಿಲು ಅದಕ್ಕಿಂತ ಗಿಡ್ಡ. ಒಳಗಿನ ಜಂತೆ ಇನ್ನೂ ಗಿಡ್ಡ. ನೆಟ್ಟಗೆ ನಿಲ್ಲಲು ಜಾಗವೇ ಇಲ್ಲ. ಚಾಪೆಯ ಮೇಲೆ ಕುಳಿತಿದ್ದ ರೆಫರಿಯ ತಾಯಿಯ ಮುಂದೆ ಸೊಂಟದವರೆಗೆ ಬಾಗಿ ನಿಂತ. ಎಂಬತ್ತು ದಾಟಿದ ಆ ಅಜ್ಜಿ ಅವನ ತಲೆಯ ಮೇಲೆ ಕೈ ಇಟ್ಟಳು.

"ಎಷ್ಟು ಬಾಗತೈತವಾ ಕೂಸು. ಈಗಿನ ಕಾಲದಾಗ ಇಂಥಾ ಮಕ್ಕಳು ಎಲ್ಲಿ ಸಿಗತಾವ?"

ರೆಫರಿ ಒಳಗಿನಿಂದ ಬಂದರು. ಅವರೂ ಸಾಲಿ ಮಾಸ್ತರರೇ. ಅಜ್ಜಿಯ ಕೈ ಇನ್ನೂ ಅವನ ತಲೆಯ ಮೇಲೇ ಇತ್ತು. ಲಂಬೂ ನೆಲ ನೋಡುತ್ತಾ, ನಾನು ಹೇಳಿಕೊಟ್ಟ ಮಾತೊಂದನ್ನೂ ಹೇಳದೆ, ತನ್ನದೇ ಮಾತಿನಲ್ಲಿ ಹೇಳಿದ. "ಸರ್, ನನಗೆ ಸಿಟ್ಟು ಬಂದ್ರೆ ನಾನು ಯಾರು ಅಂತಾನೇ ಮರೆತುಹೋಗುತ್ತೆ. ಕುರ್ಚಿ ಒದ್ದಿದ್ದು ತಪ್ಪು."

ಮಾಸ್ತರರು ತಾಯಿಯ ಪಕ್ಕ ಚಾಪೆಯ ಮೇಲೆ ಕುಳಿತರು. "ನಂದೂ ಒಂದು ಐತಪಾ. ಮನಿಗೆ ಬಂದು ವಿಡಿಯೋ ನೋಡಿದೆ. ಆ ಸೀಟಿ ನಾ ಊದಬಾರದಾಗಿತ್ತು."

ಇದನ್ನು ಕೇಳಿದ್ದೇ ತಡ, ಲಂಬೂ ಸಂತೋಷದಿಂದ ತಟ್ಟನೆ ನೆಟ್ಟಗಾದ. ಜಂತೆಗೆ ಹಣೆ ಬಡಿದ ಸದ್ದಿಗೆ ಹಿತ್ತಲಿನ ಎಮ್ಮೆ ಕೂಡ ಎದ್ದು ನಿಂತಿತು. ಅಲ್ಲೇ ಕುಸಿದು ಕುಳಿತ. ಅಜ್ಜಿ ಹಣೆಯ ಮೇಲೆ ಬುರುಬುರು ಎದ್ದ ಬುಗುಟಿಗೆ ಅರಿಷಿಣ ಹಚ್ಚುತ್ತಾ ಮಗನನ್ನು ಬೈದಳು.

"ಅವಂಗ ಖುಷಿ ಆಗೂವಂಥಾ ಮಾತು ಯಾಕ ಹೇಳಾಕ ಹ್ವಾದಿ? ಬಾಗಿದ್ದಾಗ ಚಲೋ ಇದ್ದ, ಪಾಪ."

ಕಡೆಯ ಹನ್ನೆರಡು ಸೆಕೆಂಡು

ಫೈನಲ್ ನಮ್ಮ ಬೈಲಹೊಂಗಲದಲ್ಲೇ, ಜಿನ್ನಿನ ಅಂಗಳದಲ್ಲಿ, ಸವದತ್ತಿಯವರ ಜೊತೆ. ಜನ ಹತ್ತಿ ತುಂಬಿದ ಅಂಡಿಗೆ ಚೀಲಗಳ ಮೇಲೆ ಹತ್ತಿ ಕುಳಿತಿದ್ದರು. ಮುಂದಿನ ಸಾಲಿನಲ್ಲಿ ನಮ್ಮ ಸಾಲಿ ಹುಡುಗಿಯರು. ನಡುವೆ ಕುರ್ಚಿ ಹಾಕಿಕೊಂಡು ಮಾಲಕರು. ಅವರ ಮುಖದಲ್ಲಿ ನಗುವಿಲ್ಲ. ಕೋರ್ಟಿಗೂ ನನ್ನ ಹಠಕ್ಕೂ ಅದು ಕಡೆಯ ದಿನ ಆಗಬಹುದಿತ್ತು.

ಒಳ್ಳೆಯ ಆಟವಾಯಿತು. ಹನ್ನೆರಡು ಸೆಕೆಂಡು ಉಳಿದಾಗ ನಾವು ಒಂದೇ ಪಾಯಿಂಟ್ ಹಿಂದೆ. ಚೆಂಡು ಕ್ಯಾಪ್ಟನ್ ಕೈಯಲ್ಲಿ. ಅವನ ಮುಂದೆ ಯಾರೂ ಇಲ್ಲ. ಹಾಕಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವನು ಬುಟ್ಟಿಯ ಕೆಳಗಿದ್ದ ಲಂಬೂನನ್ನು ನೋಡಿ ಪ್ರೀತಿಯಿಂದ ಚೆಂಡು ಕೊಟ್ಟ. ಲಂಬೂ ಕೈ ಎತ್ತಿದರೆ ಬುಟ್ಟಿ. ಆದರೆ ಅವನಿಗೂ ಆ ಹೊತ್ತಿಗೇ ದೊಡ್ಡ ಮನಸ್ಸು ಬಂತು. ಹಿಂದಕ್ಕೆ ಕೊಟ್ಟ.

"ನೀ ಹಾಕೋ," ಎಂದ ಕ್ಯಾಪ್ಟನ್, ಮತ್ತೆ ಕೊಟ್ಟ.

"ನೀವು ಹಾಕಿದ್ರೇ ಚೆಂದ ಸರ್," ಎಂದ ಲಂಬೂ, ಮತ್ತೆ ಕೊಟ್ಟ.

ಸವದತ್ತಿಯವರು ಮೊದಲು ತಡೆಯಲು ಓಡಾಡಿದರು. ಆಮೇಲೆ ಅವರಿಗೂ ಇದೇನೋ ಮನೆಯ ವ್ಯವಹಾರ ಎನಿಸಿರಬೇಕು, ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತಾ ನಿಂತರು. ಕೋಚ್ ಬೋರ್ಡಿನಿಂದ ಮುಖ ಮುಚ್ಚಿಕೊಂಡರು. ನಾನು ಗೆರೆಯ ತನಕ ಓಡಿ, "ಯಾರರ ಒಬ್ಬರು ಹಾಕ್ರೋ" ಎಂದು ಗಂಟಲು ಹರಿಯುವಂತೆ ಕೂಗಿದೆ. ಗಂಟೆ ಹೊಡೆಯಿತು. ಚೆಂಡು ಆಗಲೂ ಇಬ್ಬರ ನಡುವೆ ಗಾಳಿಯಲ್ಲಿತ್ತು.

ಸೋತೆವು. ಮಾಲಕರು ಎದ್ದು ಕೋರ್ಟಿಗೆ ಬಂದರು. ಕ್ಯಾಪ್ಟನ್ ಮುಂದೆ ಬಂದು ಹೇಳಿದ, "ತಪ್ಪು ನಂದ್ರಿ ಮಾಲಕರ."

ಲಂಬೂ ಅವನನ್ನು ಸರಿಸಿಕೊಂಡು ಬಂದ. "ಇಲ್ಲ ಸರ್, ತಪ್ಪು ನನ್ನದು. ಬುಟ್ಟಿ ಕೆಳಗೇ ಇದ್ದೆ."

"ನೀ ಸುಮ್ನಿರು. ನಾ ಕ್ಯಾಪ್ಟನ್. ನಿನಗ ಕೊಡಬಾರದಾಗಿತ್ತು."

"ಕೊಟ್ಟಿದ್ದು ಸರಿ ಇತ್ತು. ನಾನು ವಾಪಸ್ ಕೊಟ್ಟಿದ್ದು ತಪ್ಪು. ನಂದೇ ದೊಡ್ಡ ತಪ್ಪು."

"ನಂದು ದೊಡ್ಡದು."

"ನಂದು."

ಕ್ಯಾಪ್ಟನ್ ಅವನ ಜರ್ಸಿ ಹಿಡಿದ. ಲಂಬೂ ಅವನ ಭುಜ ಹಿಡಿದು ನೂಕಿದ. "ಯಾವಾಗ್ಲೂ ಎಲ್ಲಾ ನಿಮ್ಮದೇ ಅಂತೀರಿ ಸರ್. ಇದೊಂದನ್ನಾದ್ರೂ ನನಗೆ ಬಿಡಿ."

ರೆಫರಿ ನಡುವೆ ತೂರಿದರು. ಚಾಚಾ ಒಬ್ಬನನ್ನು ಎಳೆದರು, ಗಿಡ್ಡ ಆಟಗಾರ ಇನ್ನೊಬ್ಬನ ಕಾಲಿಗೆ ಜೋತುಬಿದ್ದು, "ನಂದೂ ಸ್ವಲ್ಪ ತಪ್ಪು ಐತ್ರಿ" ಎಂದ. ಅಂಡಿಗೆಯ ಮೇಲಿನ ಜನ ಕೆಳಗಿಳಿದು ಸುತ್ತ ನೆರೆದರು. ಸವದತ್ತಿಯ ಕ್ಯಾಪ್ಟನ್ ಕಪ್ ಎತ್ತಿಕೊಂಡು ಬಂದು, "ನಾವು ಗೆದ್ದೇವ್ರಿ, ಯಾರರ ಈ ಕಡೆ ನೋಡ್ರಲಾ" ಎಂದು ಕೇಳಿಕೊಳ್ಳುತ್ತಿದ್ದ. ಯಾರೂ ನೋಡಲಿಲ್ಲ.

ನಾನು ಮಾಲಕರ ಮುಖ ನೋಡಿದೆ. ಅವರು ಕೈ ಕಟ್ಟಿಕೊಂಡು ಈ ಜಗಳವನ್ನೇ ನೋಡುತ್ತಿದ್ದರು.

"ಅಕ್ಕೋರ, ಗೆದ್ದದ್ದು ನಂದು ಅನ್ನಾವರನ್ನ ಭಾಳ ನೋಡೇನಿ. ಸೋತದ್ದು ನಂದು ಅಂತ ಬಡದಾಡಾವರನ್ನ ಇವತ್ತ ನೋಡಿದೆ. ಕೋರ್ಟ್ ಇರಲಿ. ಟೀಮೂ ಇರಲಿ."

ನನ್ನ ಕಣ್ಣು ತುಂಬಿ ಬಂತು. ಹಿಂದೆ ನಮ್ಮ ಹುಡುಗಿಯರು ಚಪ್ಪಾಳೆ ಹೊಡೆದರು. ಮಾಲಕರು ಹೊರಟವರು ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು, ಯಾರಿಗೂ ಕೇಳದಂತೆ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು.

"ಒಂದು ಮಾತ್ರ ಮಾಡ್ರಿ. ಮುಂದಿನ ವರ್ಷ ಎಲ್ಲಾರನ್ನೂ ಇಷ್ಟು ಒಳ್ಳೇವರನ್ನ ಮಾಡಬ್ಯಾಡ್ರಿ. ಒಬ್ಬನರ ಕೆಟ್ಟಾವ ಇರಲಿ, ಬುಟ್ಟ್ಯಾಗ ಚೆಂಡು ಹಾಕಾಕ."